ಆರ್ವೆಲನ '೧೯೮೪': ನಿಷಿದ್ಧ ಗ್ರಂಥವೂ ಓದುಗನ ಏಕಾಂತವೂ

೧

ಜಾರ್ಜ್ ಆರ್ವೆಲನ '೧೯೮೪' ಎಂಬ ಕಾದಂಬರಿ ಪ್ರಕಟವಾದದ್ದು ೧೯೪೯ರ ಜೂನ್ ತಿಂಗಳಲ್ಲಿ. ಅದು ಹೊರಬಂದು ಎಂಟು ತಿಂಗಳು ತುಂಬುವುದರೊಳಗೆ ಅದರ ಕರ್ತೃ ತೀರಿಕೊಂಡನು. ಅಂದಿನಿಂದ ಇಂದಿನವರೆಗೆ ಈ ಕೃತಿಯನ್ನು ಕುರಿತು ಬಂದಿರುವ ವಿಮರ್ಶೆ ಹೇರಳವಾಗಿದೆ. ಯಾವುದಾದರೊಂದು ಸರಕಾರ ತನ್ನ ಪ್ರಜೆಗಳ ಮೇಲೆ ಗುಟ್ಟಾಗಿ ಕಣ್ಣಿಟ್ಟಿತೆಂಬ ಸುದ್ದಿ ಬಂದಾಗಲೆಲ್ಲ ಜನ ಈ ಪುಸ್ತಕವನ್ನು ಮತ್ತೆ ಹುಡುಕುತ್ತಾರೆ. ೨೦೧೩ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ರಹಸ್ಯ ದಾಖಲೆಗಳನ್ನು ಬಯಲಿಗೆ ತಂದಾಗ ಇದರ ಮಾರಾಟ ಒಮ್ಮೆಲೇ ಏರಿದ್ದು ಇದಕ್ಕೊಂದು ನಿದರ್ಶನ.

ಈ ಕೃತಿಯ ಹೆಸರೆತ್ತಿದೊಡನೆ ನೆನಪಿಗೆ ಬರುವುದು ಟೆಲಿಸ್ಕ್ರೀನ್. ಗೋಡೆಯ ಮೇಲಿದ್ದುಕೊಂಡು ಏಕಕಾಲದಲ್ಲಿ ಚಿತ್ರವನ್ನು ತೋರಿಸುತ್ತಲೂ ಎದುರಿಗಿದ್ದವನನ್ನು ನೋಡುತ್ತಲೂ ಇರುವ ಈ ಯಂತ್ರವನ್ನೇ ಕಾದಂಬರಿಯ ಹೃದಯವೆಂದು ಭಾವಿಸಿ, ನಮ್ಮ ಕಾಲದ ಗಣಕಯಂತ್ರಕ್ಕೂ ಕೈದೂರವಾಣಿಗೂ ಅದನ್ನು ಹೋಲಿಸಿ ವಿಚಾರವನ್ನು ಮುಗಿಸುವುದು ವಾಡಿಕೆಯಾಗಿಬಿಟ್ಟಿದೆ. ಹೋಲಿಕೆ ತಪ್ಪೆಂದು ಹೇಳಲಾಗದು. ಆದರೆ ಅದು ಕೃತಿಯ ಹೊರಮೈಯನ್ನು ಮಾತ್ರ ಮುಟ್ಟುತ್ತದೆ. ಕಾದಂಬರಿಯ ಎರಡನೆಯ ಭಾಗದಲ್ಲಿ ಕೈಯಿಂದ ಕೈಗೆ ಗುಟ್ಟಾಗಿ ಬರುವ ಒಂದು ನಿಷಿದ್ಧ ಗ್ರಂಥದ ಪ್ರಸಂಗವಿದೆ. ಕಣ್ಗಾವಲಿನ ವಿಷಯದಲ್ಲಿ ಆರ್ವೆಲನ ಅತ್ಯಂತ ಆಳವಾದ ಒಳನೋಟ ಇರುವುದು ಆ ಪ್ರಸಂಗದಲ್ಲಿ. ಅಂತರ್ಜಾಲದಲ್ಲಿ ಫೈಲುಗಳನ್ನು ಪರಸ್ಪರ ಹಂಚಿಕೊಳ್ಳುವ ಪದ್ಧತಿ, ಅದರ ಮೇಲಣ ಕಾವಲು, ಆ ಕಾವಲಿನಿಂದ ವ್ಯಕ್ತಿಸ್ವಾತಂತ್ರ್ಯಕ್ಕೆ ಒದಗಿರುವ ಕ್ಷಯ, ಇವನ್ನು ತಿಳಿಯಲು ಆ ಪ್ರಸಂಗ ಟೆಲಿಸ್ಕ್ರೀನಿಗಿಂತ ಹೆಚ್ಚು ನೆರವಾಗುತ್ತದೆ. ಇದನ್ನು ತೋರಿಸುವುದು, ಜೊತೆಗೆ ಆರ್ವೆಲನ ದೃಷ್ಟಿ ಎಲ್ಲಿಗೆ ನಿಲ್ಲುತ್ತದೆಂಬುದನ್ನು ಗುರುತಿಸುವುದು ಈ ಲೇಖನದ ಉದ್ದೇಶ.

೨

ಕಥಾನಾಯಕನಾದ ವಿನ್‌ಸ್ಟನ್ ಸ್ಮಿತ್ ಮಾಡುವ ಮೊದಲನೆಯ ಅಪರಾಧ ದಿನಚರಿ ಬರೆಯುವುದು. ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಅವನು ಖಾಲಿ ಪುಸ್ತಕವೊಂದನ್ನು ಕೊಳ್ಳುತ್ತಾನೆ. ಅವನ ಕೋಣೆಯ ರಚನೆಯಲ್ಲಿ ಒಂದು ವಿಶೇಷವಿದೆ. ಟೆಲಿಸ್ಕ್ರೀನ್ ಇರಬೇಕಾದ ಗೋಡೆಯಲ್ಲಿಲ್ಲದೆ ಬೇರೊಂದು ಗೋಡೆಯಲ್ಲಿರುವುದರಿಂದ, ಪಕ್ಕದ ಸಣ್ಣ ಗೂಡೊಂದರಲ್ಲಿ ಕುಳಿತವನು ಅದರ ದೃಷ್ಟಿಗೆ ಬೀಳುವುದಿಲ್ಲ. ಆ ಗೂಡು ಬಹುಶಃ ಪುಸ್ತಕದ ಕಪಾಟುಗಳಿಗಾಗಿ ಕಟ್ಟಿದ್ದೆಂದು ಆರ್ವೆಲ್ ಒಂದು ಮಾತಿನಲ್ಲಿ ಸೂಚಿಸಿ ಮುಂದೆ ಹೋಗುತ್ತಾನೆ. ಮನೆಯಲ್ಲಿ ಕಾವಲುಗಣ್ಣಿಗೆ ಕಾಣದೆ ಉಳಿದಿರುವ ಒಂದೇ ಸ್ಥಳ ಹಿಂದೆ ಪುಸ್ತಕಗಳಿದ್ದ ಸ್ಥಳ. ಕಾದಂಬರಿ ಮುಂದೆ ಬೆಳೆಸುವ ಅರ್ಥಕ್ಕೆ ಇದು ಬೀಜಪ್ರಾಯವಾಗಿದೆ.

ಎರಡನೆಯ ಭಾಗದಲ್ಲಿ ಓಬ್ರಿಯನ್ ಎಂಬ ಉನ್ನತಾಧಿಕಾರಿ ತಾನೂ ರಾಜ್ಯದ ಶತ್ರುವೆಂದು ನಂಬಿಸಿ, ಗೋಲ್ಡ್‌ಸ್ಟೈನ್ ಎಂಬ ದ್ರೋಹಿ ಬರೆದನೆನ್ನಲಾದ ಗ್ರಂಥವನ್ನು ವಿನ್‌ಸ್ಟನ್‌ಗೆ ತಲುಪಿಸುವ ಏರ್ಪಾಡು ಮಾಡುತ್ತಾನೆ. ರಸ್ತೆಯಲ್ಲಿ ಅಪರಿಚಿತನೊಬ್ಬ ಬಂದು, ನಿಮ್ಮ ಚೀಲ ಕೆಳಗೆ ಬಿದ್ದಿತ್ತೆಂಬ ನೆಪದಲ್ಲಿ ಅದನ್ನು ಕೈಗಿಡಬೇಕು. ಹದಿನಾಲ್ಕು ದಿನಗಳೊಳಗೆ ಗ್ರಂಥ ಹಿಂದಿರುಗಬೇಕು. ಬಂದ ಪುಸ್ತಕದ ರಟ್ಟಿನ ಮೇಲೆ ಹೆಸರಿಲ್ಲ. ಹಾಳೆಗಳ ಅಂಚು ಸವೆದಿದೆ. ಅನೇಕರ ಕೈ ದಾಟಿ ಬಂದ ಲಕ್ಷಣ ಅದರ ಮೈಮೇಲೆಲ್ಲ ಇದೆ. ಅಂಗಡಿಯ ಮಹಡಿಯ ಕೋಣೆಯಲ್ಲಿ ವಿನ್‌ಸ್ಟನ್ ಒಬ್ಬನೇ ಕುಳಿತು ಅದನ್ನು ತೆರೆಯುತ್ತಾನೆ. ಅಲ್ಲಿ ಟೆಲಿಸ್ಕ್ರೀನ್ ಇಲ್ಲ, ಬಾಗಿಲಿಗೆ ಕಿವಿಗೊಟ್ಟವರಿಲ್ಲ, ಹೆಗಲ ಮೇಲಿಂದ ಯಾರಾದರೂ ಇಣುಕುವರೇನೋ ಎಂಬ ಅಳುಕಿಲ್ಲ. ಇಡೀ ಕಾದಂಬರಿಯಲ್ಲಿ ಅವನು ಪರಿಪೂರ್ಣ ನೆಮ್ಮದಿಯಿಂದಿರುವ ಗಳಿಗೆಗಳು ಕೆಲವೇ. ಅವುಗಳಲ್ಲಿ ಇದೂ ಒಂದು. ತನಗೆ ಮಸುಕುಮಸುಕಾಗಿ ತಿಳಿದಿದ್ದುದೇ ಆ ಪುಸ್ತಕದಲ್ಲಿ ಸ್ಪಷ್ಟವಾದ ಕ್ರಮದಲ್ಲಿ ಕಾಣಿಸುತ್ತದೆ. ಸಹೃದಯನ ಓದಿನ ಸುಖವನ್ನು ಇಷ್ಟು ಮನಗಾಣಿಸುವ ಪುಟಗಳು ಆಧುನಿಕ ಕಾದಂಬರಿಗಳಲ್ಲಿ ವಿರಳ.

ಆದರೆ ಆ ಕೋಣೆಯ ಚಿತ್ರಪಟದ ಹಿಂದೆಯೇ ಟೆಲಿಸ್ಕ್ರೀನ್ ಅಡಗಿತ್ತು. ಅಂಗಡಿಯ ಮುದುಕ ವಿಚಾರ ಪೊಲೀಸರ ಪೈಕಿ ಒಬ್ಬ. ಏಳು ವರ್ಷಗಳಿಂದ ವಿನ್‌ಸ್ಟನ್‌ನನ್ನು ಅವರು ನೋಡುತ್ತಲೇ ಇದ್ದರು. ದಿನಚರಿಯ ಮೇಲೆ ಅವನು ಗುರುತಿಗಾಗಿ ಇಟ್ಟಿದ್ದ ಧೂಳಿನ ಕಣವನ್ನು ಸಹ ಜಾಗರೂಕತೆಯಿಂದ ಇದ್ದಲ್ಲಿಗೇ ಇಟ್ಟಿದ್ದರು. ಕೊನೆಗೆ ಆ ನಿಷಿದ್ಧ ಗ್ರಂಥವನ್ನು ಬರೆದವರಲ್ಲಿ ತಾನೂ ಒಬ್ಬನೆಂದು ಓಬ್ರಿಯನ್ನನೇ ಸೆರೆಮನೆಯಲ್ಲಿ ಹೇಳುತ್ತಾನೆ.

ಇಲ್ಲಿ ಮೂರು ಅಂಶಗಳನ್ನು ಬಿಡಿಸಿ ನೋಡಬೇಕು. ಒಂದು, ಗ್ರಂಥ ಅಂಗಡಿಯ ಮೂಲಕ ಬರದೆ ಸಮಾನ ದುಃಖಿಗಳ ಕೈಯಿಂದ ಕೈಗೆ ಬರುವಂತೆ ತೋರುತ್ತದೆ. ಎರಡು, ಓದುಗ ತಾನು ಏಕಾಕಿಯೆಂದು ನಂಬಿದ್ದಾನೆ. ಮೂರು, ಕೊಡುವವನೇ ಕಾಯುವವನು. ಟೆಲಿಸ್ಕ್ರೀನ್ ಬಹಿರಂಗದ ಕಾವಲು. ಅದರ ಮುಂದೆ ಮುಖಭಾವವನ್ನು ಬಿಗಿಹಿಡಿದಿಟ್ಟುಕೊಳ್ಳಲು ವಿನ್‌ಸ್ಟನ್‌ಗೆ ತಿಳಿದಿದೆ. ಗ್ರಂಥದ ಮುಂದೆ ಅವನು ಮನಸ್ಸನ್ನು ಬಿಚ್ಚುತ್ತಾನೆ. ಆದುದರಿಂದ ಅವನನ್ನು ನಿಜವಾಗಿ ಹಿಡಿದುಕೊಟ್ಟದ್ದು ಅವನ ಓದು.

೩

ಈ ಮೂರು ಅಂಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಾಲದ ವ್ಯವಹಾರವೊಂದನ್ನು ಪರಿಶೀಲಿಸೋಣ. ೧೯೯೯ರಲ್ಲಿ ಆರಂಭವಾದ ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆಯಲ್ಲಿ ಸಂಗೀತದ ಫೈಲುಗಳನ್ನು ಜನರು ನೇರವಾಗಿ ಒಬ್ಬರಿಂದೊಬ್ಬರು ಪಡೆಯುತ್ತಿದ್ದರು. ಆದರೆ ಯಾರ ಬಳಿ ಏನಿದೆಯೆಂಬ ಪಟ್ಟಿ ಒಂದೇ ಕೇಂದ್ರದಲ್ಲಿತ್ತು. ನ್ಯಾಯಾಲಯದ ಆಜ್ಞೆಯಿಂದ ೨೦೦೧ರಲ್ಲಿ ಆ ಕೇಂದ್ರ ನಿಂತುಹೋಯಿತು. ಅದೇ ವರ್ಷ ಬ್ರಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್ ಪದ್ಧತಿಯಲ್ಲಿ ಫೈಲು ಅನೇಕ ತುಣುಕುಗಳಾಗಿ ಒಡೆದು ಬೇರೆಬೇರೆ ಜನರಿಂದ ಬರುತ್ತದೆ. ಪಡೆಯುತ್ತಿರುವವನೇ ತನಗೆ ಬಂದ ತುಣುಕುಗಳನ್ನು ಇತರರಿಗೆ ಕೊಡುತ್ತಿರುತ್ತಾನೆ. ಹೀಗೆ ಕೈಯಿಂದ ಕೈಗೆ ಸಾಗಬೇಕಾದರೆ ಒಬ್ಬರ ವಿಳಾಸ ಮತ್ತೊಬ್ಬರಿಗೆ ಕಾಣಲೇಬೇಕು. ಗುಂಪಿನಲ್ಲಿ ಸೇರಿದ ಯಾರಿಗಾದರೂ ಉಳಿದವರ ಅಂತರ್ಜಾಲ ವಿಳಾಸಗಳು ಸಿಕ್ಕುತ್ತವೆ. ಕೃತಿಸ್ವಾಮ್ಯವುಳ್ಳವರ ಪರವಾಗಿ ದುಡಿಯುವ ಸಂಸ್ಥೆಗಳು ಇಂಥ ಗುಂಪುಗಳಲ್ಲಿ ತಾವೂ ಸೇರಿಕೊಂಡು ವಿಳಾಸಗಳನ್ನು ಬರೆದಿಟ್ಟುಕೊಳ್ಳುತ್ತವೆ. ವಿಳಾಸದ ಹಿಂದಿರುವ ಮನುಷ್ಯನಾರೆಂಬುದು ಸಂಪರ್ಕ ಒದಗಿಸುವ ಕಂಪನಿಗೆ ಗೊತ್ತು. ಅದನ್ನು ಕೇಳಿ ಪಡೆಯುವುದೇ ಮುಂದಿನ ಹೆಜ್ಜೆ.

ಕೋಣೆಯ ಬಾಗಿಲು ಹಾಕಿಕೊಂಡು ಕುಳಿತ ವಿದ್ಯಾರ್ಥಿಗೆ ತಾನು ಒಬ್ಬನೇ ಎಂಬ ಭಾವನೆ. ಕೊಡುತ್ತಿರುವವರೆಲ್ಲ ತನ್ನಂಥವರೇ ಎಂಬ ವಿಶ್ವಾಸ. ಆರ್ವೆಲನ ಮೊದಲೆರಡು ಅಂಶಗಳು ಇಲ್ಲಿ ಹಾಗೆಯೇ ಇವೆ. ಮೂರನೆಯ ಅಂಶಕ್ಕೂ ಸಾಕ್ಷ್ಯವುಂಟು. ಅಮೆರಿಕದಲ್ಲಿ ೨೦೧೧ರಿಂದ ೨೦೧೪ರವರೆಗೆ ಇಬ್ಬರು ವಕೀಲರು ಅಶ್ಲೀಲ ಚಲನಚಿತ್ರಗಳನ್ನು ತಾವೇ ಫೈಲು ಹಂಚುವ ತಾಣಗಳಲ್ಲಿ ಇರಿಸಿ, ಅವನ್ನು ಇಳಿಸಿಕೊಂಡವರ ವಿಳಾಸ ಹಿಡಿದು, ಮೊಕದ್ದಮೆಯ ಬೆದರಿಕೆಯೊಡ್ಡಿ ಹಣ ವಸೂಲು ಮಾಡಿದರು. ಒಟ್ಟು ವಸೂಲಿ ಸುಮಾರು ೬೦ ಲಕ್ಷ ಡಾಲರು. ಮರ್ಯಾದೆಗೆ ಅಂಜಿದ ಜನ ನ್ಯಾಯಾಲಯದವರೆಗೆ ಹೋಗುವ ಬದಲು ಕೇಳಿದಷ್ಟು ತೆತ್ತರು. ಇಬ್ಬರೂ ತಪ್ಪೊಪ್ಪಿಕೊಂಡ ಮೇಲೆ ೨೦೧೯ರಲ್ಲಿ ಒಬ್ಬನಿಗೆ ೧೪ ವರ್ಷ, ಇನ್ನೊಬ್ಬನಿಗೆ ೫ ವರ್ಷ ಸೆರೆವಾಸ ವಿಧಿಸಲಾಯಿತು. ಕೊಟ್ಟವರೇ ಕಾದು ಕುಳಿತಿದ್ದರು. ಓಬ್ರಿಯನ್ನನ ಉಪಾಯವನ್ನು ರಾಜ್ಯದ ನೆರವಿಲ್ಲದೆಯೇ, ಕೇವಲ ಹಣದಾಸೆಯಿಂದ, ಇಬ್ಬರು ಖಾಸಗಿ ಮನುಷ್ಯರು ನಡೆಸಬಹುದಾಯಿತು. ಈ ಸಾಧ್ಯತೆಯನ್ನು ಆರ್ವೆಲ್ ಊಹಿಸಿರಲಿಲ್ಲ.

೪

ಆರ್ವೆಲನ ದೃಷ್ಟಿ ನಿಲ್ಲುವ ಇನ್ನೊಂದು ಎಡೆಯೂ ಇದೆ. ಅವನ ರಾಜ್ಯದಲ್ಲಿ ಶೇಕಡಾ ೮೫ರಷ್ಟಿರುವ ಶ್ರಮಜೀವಿಗಳ ಮೇಲೆ ಕಾವಲು ಹೆಚ್ಚಿಲ್ಲ. ಅವರಲ್ಲಿ ಬಹುಮಂದಿಯ ಮನೆಗಳಲ್ಲಿ ಟೆಲಿಸ್ಕ್ರೀನೇ ಇಲ್ಲ. ಇದಕ್ಕೆ ಕಾರಣ ಸ್ಪಷ್ಟ. ಆರ್ವೆಲನ ಕಲ್ಪನೆಯಲ್ಲಿ ನೋಡಲು ಮನುಷ್ಯನ ಕಣ್ಣೇ ಬೇಕು. ಕಣ್ಣುಗಳ ಸಂಖ್ಯೆ ಮಿತವಾದದ್ದು. ಆದುದರಿಂದ ಯಾರನ್ನು ನೋಡಬೇಕೆಂಬ ಆಯ್ಕೆ ಅನಿವಾರ್ಯ. ಸಂಶಯ ಮೊದಲು, ಕಾವಲು ಆಮೇಲೆ.

ಈ ಕ್ರಮ ಈಗ ತಲೆಕೆಳಗಾಗಿದೆ. ಸ್ನೋಡೆನ್ ದಾಖಲೆಗಳಲ್ಲಿದ್ದ, ೨೦೧೫ರ ಜನವರಿಯಲ್ಲಿ ಪ್ರಕಟವಾದ ಒಂದು ಸಂಗತಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೆನಡಾ ದೇಶದ ಸಂವಹನ ಭದ್ರತಾ ಸಂಸ್ಥೆ 'ಲೆವಿಟೇಶನ್' ಎಂಬ ಯೋಜನೆಯಡಿಯಲ್ಲಿ, ಸಾರ್ವಜನಿಕರು ಫೈಲುಗಳನ್ನು ಇಟ್ಟು ಹಂಚಿಕೊಳ್ಳುವ ೧೦೨ ತಾಣಗಳ ವ್ಯವಹಾರವನ್ನು ಗಮನಿಸುತ್ತಿತ್ತು. ದಿನವೊಂದಕ್ಕೆ ದಾಖಲಾಗುತ್ತಿದ್ದ ಫೈಲು ವಿನಿಮಯಗಳು ಒಂದು ಕೋಟಿಯಿಂದ ಒಂದೂವರೆ ಕೋಟಿ. ಅವುಗಳಲ್ಲಿ ಅಧಿಕಾರಿಗಳಿಗೆ ಗಮನಾರ್ಹವೆನಿಸಿದವು ತಿಂಗಳಿಗೆ ಸುಮಾರು ೩೫೦. ದೂರದರ್ಶನದ ಜನಪ್ರಿಯ ಧಾರಾವಾಹಿಯ ಕಂತುಗಳನ್ನು ರಾಶಿಯಿಂದ ಸೋಸಿ ತೆಗೆಯಬೇಕಾಗಿದೆಯೆಂದು ಆ ಸಂಸ್ಥೆಯ ಟಿಪ್ಪಣಿಯಲ್ಲೇ ಹೇಳಿಕೊಂಡಿತ್ತು.

ಇಲ್ಲಿ ಯಾರ ಮೇಲೂ ಮೊದಲು ಸಂಶಯವಿರಲಿಲ್ಲ. ಹಾಡು ಇಳಿಸಿಕೊಂಡ ಹುಡುಗನೂ ಪ್ರಬಂಧದ ಕರಡನ್ನು ಸ್ನೇಹಿತನಿಗೆ ಕಳುಹಿಸಿದ ಅಧ್ಯಾಪಕನೂ ಒಂದೇ ಬಲೆಯಲ್ಲಿ ಸಿಕ್ಕಿದರು. ಮೊದಲು ಎಲ್ಲರ ದಾಖಲೆ, ಆಮೇಲೆ ಸಂಶಯದ ಹುಡುಕಾಟ. ಆರ್ವೆಲನ ರಾಜ್ಯದಲ್ಲಿ ಅಲ್ಪನಾಗಿದ್ದವನಿಗೆ ಆ ಅಲ್ಪತ್ವವೇ ರಕ್ಷಣೆಯಾಗಿತ್ತು. ಯಂತ್ರಕ್ಕೆ ಆಯಾಸವಿಲ್ಲವಾದ್ದರಿಂದ ಈಗ ಆ ರಕ್ಷಣೆ ಯಾರಿಗೂ ಇಲ್ಲ.

೫

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕು. ಕೃತಿಸ್ವಾಮ್ಯ ಲೇಖಕನ ಜೀವನೋಪಾಯ. ಅವನ ಶ್ರಮವನ್ನು ಕದ್ದವನಿಗೆ ಕಾವಲುಗಾರನನ್ನು ದೂರುವ ಹಕ್ಕೆಲ್ಲಿದೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಬರೆಹದಿಂದ ಬದುಕಲು ಹೆಣಗಿದ ಆರ್ವೆಲನಿಗೇ ಅದರ ತೂಕ ಗೊತ್ತಿತ್ತು. ಆದರೂ ಎರಡನೆಯ ಮಹಾಯುದ್ಧಾನಂತರ ಜರ್ಮನಿಯ ಶಿಬಿರಗಳಲ್ಲಿದ್ದ ಉಕ್ರೇನಿನ ನಿರಾಶ್ರಿತರು 'ಅನಿಮಲ್ ಫಾರ್ಮ್'ನ್ನು ತಮ್ಮ ಭಾಷೆಗೆ ತಂದಾಗ, ಅವನು ಅವರಿಂದ ಗೌರವಧನ ಪಡೆಯಲಿಲ್ಲ. ೧೯೪೭ರ ಆ ಆವೃತ್ತಿಗೆ ಮುನ್ನುಡಿಯನ್ನೂ ಬರೆದುಕೊಟ್ಟನು. ಅದರ ಸುಮಾರು ೧೫೦೦ ಪ್ರತಿಗಳನ್ನು ಮ್ಯೂನಿಕ್ಕಿನ ಅಮೆರಿಕನ್ ಅಧಿಕಾರಿಗಳು ಹಿಡಿದು ಸೋವಿಯೆತ್ ಅಧಿಕಾರಿಗಳಿಗೆ ಒಪ್ಪಿಸಿದರು. ಅದಕ್ಕೂ ಮೊದಲೇ ಹಂಚಿಹೋಗಿದ್ದ ಪ್ರತಿಗಳು ಮಾತ್ರ ಓದುಗರ ಕೈಯಲ್ಲಿ ಉಳಿದವು. ಯಾರ ಕೈಯಲ್ಲಿ ಎಂಬುದಕ್ಕೆ ಪಟ್ಟಿಯಿರಲಿಲ್ಲ. ಉಳಿದದ್ದಕ್ಕೆ ಅದೂ ಒಂದು ಕಾರಣ.

ಪೂರ್ವಪಕ್ಷಕ್ಕೆ ಸಮಾಧಾನವೂ ಇದರಲ್ಲೇ ಇದೆ. ಲೇಖಕನ ಹಕ್ಕನ್ನು ಒಪ್ಪಿಕೊಳ್ಳೋಣ. ಮುದ್ರಣದ ಕಾಲದಲ್ಲಿ ಆ ಹಕ್ಕಿನ ರಕ್ಷಣೆ ಛಾಪಖಾನೆಯಲ್ಲೋ ಅಂಗಡಿಯಲ್ಲೋ ನಡೆಯುತ್ತಿತ್ತು. ಕಳ್ಳಪ್ರತಿಯನ್ನು ಅಚ್ಚುಮಾಡಿ ಮಾರಿದವನನ್ನು ಹಿಡಿದರೆ ಸಾಕಾಗಿತ್ತು. ಕೊಂಡವನು ಮನೆಯಲ್ಲಿ ಏನು ಓದುತ್ತಿದ್ದಾನೆಂದು ಇಣುಕಬೇಕಾಗಿರಲಿಲ್ಲ. ಪ್ರತಿ ಮಾಡುವ ಶಕ್ತಿ ಓದುಗನ ಕೋಣೆಗೇ ಬಂದಮೇಲೆ ಆ ಹಕ್ಕಿನ ಕಾವಲೂ ಕೋಣೆಯೊಳಕ್ಕೆ ಬಂದಿತು. ಪ್ರಶ್ನೆ ಇರುವುದು ಹಕ್ಕಿನ ನ್ಯಾಯದಲ್ಲಲ್ಲ, ಈ ಪ್ರವೇಶದ ಮಿತಿಯಲ್ಲಿ.

ಮಿತಿ ಹೇಗೆ ಸರಿಯುತ್ತದೆಂಬುದಕ್ಕೆ ಯೂರೋಪಿನ ಅನುಭವ ಒಳ್ಳೆಯ ಪಾಠ. ಎಲ್ಲ ಪ್ರಜೆಗಳ ಸಂಪರ್ಕ ವಿವರಗಳನ್ನೂ ಕೂಡಿಡಬೇಕೆಂಬ ನಿರ್ದೇಶನವನ್ನು ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ ೨೦೧೪ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಘೋರ ಅಪರಾಧಗಳ ತಡೆಗಾಗಿ ಮಾತ್ರ ಸಂಪರ್ಕ ವಿವರಗಳನ್ನು ಬಳಸಬಹುದೆಂಬ ಕಟ್ಟುನಿಟ್ಟನ್ನು ೨೦೧೬ರಲ್ಲಿ ಹಾಕಿತು. ೨೦೨೦ರಲ್ಲಿ ಅಂತರ್ಜಾಲ ವಿಳಾಸಗಳನ್ನು ಸಾರ್ವತ್ರಿಕವಾಗಿ ಕೂಡಿಡಲು, ಘೋರ ಅಪರಾಧಗಳನ್ನೂ ರಾಷ್ಟ್ರೀಯ ಭದ್ರತೆಯನ್ನೂ ಉದ್ದೇಶಿಸಿ, ಒಂದು ಬಾಗಿಲು ತೆರೆಯಿತು. ಇತ್ತ ಫ್ರಾನ್ಸಿನಲ್ಲಿ ಫೈಲು ಹಂಚುವವರಿಗೆ ಸರದಿಯ ಮೇಲೆ ಎಚ್ಚರಿಕೆ ಕಳುಹಿಸುವ ಕಾನೂನು ೨೦೦೯ರಿಂದ ಇತ್ತು. ಆ ವ್ಯವಸ್ಥೆಯ ವಿಚಾರ ಬಂದಾಗ, ೨೦೨೪ರ ಏಪ್ರಿಲ್ ೩೦ರಂದು ಅದೇ ನ್ಯಾಯಾಲಯ, ಕೆಲವು ನಿಬಂಧನೆಗಳಿಗೊಳಪಟ್ಟು, ಇಂಥ ಸಾಮಾನ್ಯ ಅಪರಾಧಕ್ಕಾಗಿಯೂ ವಿಳಾಸಗಳನ್ನು ಕೂಡಿಟ್ಟು ಬಳಸಬಹುದೆಂದು ತೀರ್ಪಿತ್ತಿತು. ಹತ್ತು ವರ್ಷಗಳಲ್ಲಿ ಭಯೋತ್ಪಾದಕನಿಗಾಗಿ ಇಟ್ಟ ಬಾಗಿಲು ಹಾಡು ಕೇಳುವವನವರೆಗೆ ತೆರೆಯಿತು. ಪ್ರತಿಯೊಂದು ಹೆಜ್ಜೆಗೂ ಕಾರಣವಿತ್ತು, ನಿಬಂಧನೆಯಿತ್ತು. ಸ್ವಾತಂತ್ರ್ಯ ಸಾಮಾನ್ಯವಾಗಿ ಸವೆಯುವುದು ಹೀಗೆಯೇ.

೬

ನಮ್ಮ ದೇಶದಲ್ಲಿಯೂ ಈ ವಿಚಾರಕ್ಕೆ ಹಿಂದಿನ ಚರಿತ್ರೆಯುಂಟು. ೧೯೬೨ರಲ್ಲಿ ತೀರ್ಮಾನವಾದ ಖಡಕ್ ಸಿಂಗ್ ಮೊಕದ್ದಮೆಯಲ್ಲಿ ಪೊಲೀಸರು ರಾತ್ರಿ ಮನೆಗೆ ಬಂದು ಬಾಗಿಲು ತಟ್ಟುವುದನ್ನು ಸರ್ವೋಚ್ಚ ನ್ಯಾಯಾಲಯ ತಡೆಯಿತಾದರೂ, ಓಡಾಟದ ಮೇಲೆ ಕಣ್ಣಿಡುವುದರಿಂದ ಸ್ವಾತಂತ್ರ್ಯಕ್ಕೆ ಭಂಗವಿಲ್ಲವೆಂದು ಬಹುಮತದಿಂದ ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಅವರು ಇದನ್ನೊಪ್ಪದೆ, ಸದಾ ನೋಡಲ್ಪಡುವವನ ಓಡಾಟ ಹೊರಗೆ ಅಡ್ಡಿಯಿಲ್ಲದಂತೆ ತೋರಿದರೂ ಒಳಗೆ ಸ್ವತಂತ್ರವಲ್ಲವೆಂಬ ಅಭಿಪ್ರಾಯವನ್ನು ಬರೆದರು. ಐವತ್ತು ವರ್ಷಗಳ ಮೇಲೆ ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ರಲ್ಲಿ ಅರ್ಜಿ ಸಲ್ಲಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಸುಬ್ಬರಾವ್ ಅವರ ದೃಷ್ಟಿಗೆ ಮನ್ನಣೆ ದೊರೆಯಿತು. ಆದರೂ ಮರುವರ್ಷ ಡಿಸೆಂಬರ್ ೨೦ರಂದು ಕೇಂದ್ರದ ಗೃಹ ಇಲಾಖೆ, ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೯ನೆಯ ಪ್ರಕರಣದಡಿ, ಗಣಕಯಂತ್ರಗಳಲ್ಲಿರುವ ಮಾಹಿತಿಯನ್ನು ಪರೀಕ್ಷಿಸುವ ಅಧಿಕಾರವನ್ನು ಹತ್ತು ಸಂಸ್ಥೆಗಳಿಗೆ ನೀಡಿ ಆಜ್ಞೆ ಹೊರಡಿಸಿತು.

ಸುಬ್ಬರಾವ್ ಅವರು ನಡೆದಾಟವನ್ನು ಕುರಿತು ಹೇಳಿದ ತತ್ತ್ವವನ್ನು ಓದಿಗೆ ಅನ್ವಯಿಸಿದರೆ ಆರ್ವೆಲನ ಪ್ರಸಂಗದ ಅರ್ಥ ಪೂರ್ತಿ ತೆರೆಯುತ್ತದೆ. ನೋಡಲ್ಪಡುತ್ತ ಓದುವವನು ಸ್ವತಂತ್ರವಾಗಿ ಓದುತ್ತಿಲ್ಲ. ಓದುವಾಗ ನಾವು ಒಪ್ಪದ ಮಾತನ್ನೂ ಸ್ವಲ್ಪ ಹೊತ್ತು ಒಪ್ಪಿ ನೋಡುತ್ತೇವೆ. ತಪ್ಪು ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದು ಹಿಂದಿರುಗುತ್ತೇವೆ. ವಿಮರ್ಶೆಯೆಂಬ ಶಿಸ್ತು ಹುಟ್ಟುವುದೇ ಈ ಸಾಕ್ಷಿಯಿಲ್ಲದ ಪ್ರಯೋಗದಿಂದ. ನಾಲ್ಕು ಹೆಜ್ಜೆಗಳೂ ಎಲ್ಲೋ ಬರೆದಿಡಲ್ಪಡುತ್ತವೆಂದು ತಿಳಿದವನು ಮೊದಲ ಹೆಜ್ಜೆಯನ್ನೇ ಇಡಲಾರ.

'೧೯೮೪' ತಾನೇ ಒಂದು ಫೈಲಾಗಿ ಅನುಭವಿಸಿದ ಗತಿಯನ್ನು ಹೇಳಿ ಈ ಲೇಖನವನ್ನು ಮುಗಿಸಬಹುದು. ಆರ್ವೆಲ್ ತೀರಿಕೊಂಡದ್ದು ೧೯೫೦ರಲ್ಲಾದ್ದರಿಂದ ಆಸ್ಟ್ರೇಲಿಯ, ಕೆನಡಾ ದೇಶಗಳಲ್ಲಿ ಕಾದಂಬರಿಯ ಕೃತಿಸ್ವಾಮ್ಯ ೨೦೦೦ದ ಕೊನೆಗೆ ತೀರಿತು. ಅಮೆರಿಕದಲ್ಲಿ ಅದು ೨೦೪೪ರವರೆಗೆ ಉಳಿಯುತ್ತದೆ. ೨೦೦೯ರ ಜುಲೈಯಲ್ಲಿ ಅಮೆಜಾನ್ ಕಂಪನಿ, ಅಮೆರಿಕದಲ್ಲಿ ಮಾರುವ ಹಕ್ಕಿಲ್ಲದ ಪ್ರಕಾಶಕನಿಂದ ಬಂದ ಪ್ರತಿಯೆಂಬ ಕಾರಣದಿಂದ, ಗ್ರಾಹಕರ ಕಿಂಡಲ್ ಉಪಕರಣಗಳಲ್ಲಿದ್ದ '೧೯೮೪'ನ್ನು ದೂರದಿಂದಲೇ ಅಳಿಸಿ ಹಣ ಹಿಂದಿರುಗಿಸಿತು. ಕಂಪನಿಯ ಮುಖ್ಯಸ್ಥ ಅನಂತರ ಬಹಿರಂಗವಾಗಿ ಕ್ಷಮೆ ಕೇಳಿದನು. ಕಾದಂಬರಿಯಲ್ಲಿ ದಾಖಲೆಗಳನ್ನು ಸುಡುವ 'ಮರೆವಿನ ಬಿಲ'ಕ್ಕೆ ಇದನ್ನು ಅನೇಕರು ಹೋಲಿಸಿದರು. ನನಗೆ ಹೆಚ್ಚು ಹತ್ತಿರವಾಗಿ ಕಾಣುವುದು ವಿನ್‌ಸ್ಟನ್‌ನ ಅರ್ಧಕ್ಕೆ ನಿಂತ ಓದು. ಗ್ರಂಥದಲ್ಲಿ ಅಧಿಕಾರದ ಮೂಲೋದ್ದೇಶವನ್ನು ಹೇಳುವ ಭಾಗ ಬರುವ ವೇಳೆಗೆ ಅವನು ಪುಸ್ತಕ ಮುಚ್ಚುತ್ತಾನೆ. ಮತ್ತೆ ತೆರೆಯುವ ಅವಕಾಶ ಸಿಕ್ಕುವುದಿಲ್ಲ. ಹಾಗೆಯೇ ಆ ಜುಲೈಯಲ್ಲಿ, ಶಾಲೆಯ ಪಾಠಕ್ಕಾಗಿ ಕಾದಂಬರಿಯನ್ನು ಓದುತ್ತ ಟಿಪ್ಪಣಿ ಮಾಡಿಕೊಂಡಿದ್ದ ಒಬ್ಬ ವಿದ್ಯಾರ್ಥಿಯ ಟಿಪ್ಪಣಿಗಳು ಉಳಿದವು, ಪುಸ್ತಕ ಹೋಯಿತು. ಮೂಲವಿಲ್ಲದೆ ನಿಂತ ವ್ಯಾಖ್ಯಾನದಿಂದ ಪ್ರಯೋಜನವೇನೆಂಬುದು ಪಾಠ ಹೇಳುವ ನಮಗೆ ಗೊತ್ತು. ಆ ಹುಡುಗ ನ್ಯಾಯಾಲಯಕ್ಕೆ ಹೋದನು. ಕಂಪನಿ ರಾಜಿಗೆ ಒಪ್ಪಿತು.

ಭಾರತದಲ್ಲಿ ಕೃತಿಸ್ವಾಮ್ಯದ ಅವಧಿ ಲೇಖಕನ ಮರಣಾನಂತರ ೬೦ ವರ್ಷ. ಆದುದರಿಂದ ೨೦೧೧ರ ಜನವರಿ ೧ರಿಂದ ಈ ಕಾದಂಬರಿ ನಮ್ಮಲ್ಲಿ ಸರ್ವರ ಸ್ವತ್ತು. ನಮ್ಮ ವಿದ್ಯಾರ್ಥಿ ಅದನ್ನು ಪ್ರತಿ ಮಾಡಿ ಸಹಪಾಠಿಗೆ ಕಳುಹಿಸಿದರೆ ಅಪರಾಧವಿಲ್ಲ. ಅಮೆರಿಕದ ವಿದ್ಯಾರ್ಥಿ ಅದನ್ನೇ ಮಾಡಿದರೆ ಅಪರಾಧ. ಆದರೆ ವಿಳಾಸಗಳನ್ನು ಬರೆದುಕೊಳ್ಳುವ ಯಂತ್ರಕ್ಕೆ ಈ ಭೇದ ತಿಳಿಯದು. ಇಬ್ಬರ ಓದೂ ಒಂದೇ ರೀತಿಯಲ್ಲಿ ದಾಖಲಾಗಬಲ್ಲದು. ಕಳ್ಳತನದ ಪ್ರಶ್ನೆಯೂ ಕಾವಲಿನ ಪ್ರಶ್ನೆಯೂ ಒಂದೇ ಎಂಬ ಪೂರ್ವಪಕ್ಷ ಇಲ್ಲಿ ಬಿದ್ದುಹೋಗುತ್ತದೆ. ನಿರ್ದೋಷಿಯಾದ ಓದುಗನಿಗೂ ಏಕಾಂತ ಬೇಕು. ಹೇಳಬೇಕಾದರೆ ಅವನಿಗೇ ಹೆಚ್ಚು ಬೇಕು.

ಕಾಲೇಜುಗಳಲ್ಲಿರುವ ನಮಗೆ ಕಾನೂನನ್ನು ತಿದ್ದುವ ಶಕ್ತಿಯಿಲ್ಲ. ಆದರೆ ನಮ್ಮ ಗ್ರಂಥಾಲಯಗಳು ನಮ್ಮವೇ. ಯಾವ ವಿದ್ಯಾರ್ಥಿ ಯಾವ ಪುಸ್ತಕವನ್ನು, ಯಾವ ಫೈಲನ್ನು ತೆರೆದನೆಂಬ ವಿವರವನ್ನು, ಪುಸ್ತಕ ಹಿಂದಿರುಗಿದ ಮೇಲೆಯೂ ನಾವು ಇಟ್ಟುಕೊಳ್ಳಬೇಕೆ ಎಂಬ ಪ್ರಶ್ನೆಯನ್ನು ಯಾರ ಅಪ್ಪಣೆಯೂ ಇಲ್ಲದೆ ನಾವೇ ಕೇಳಿಕೊಳ್ಳಬಹುದು. ವಿನ್‌ಸ್ಟನ್‌ನ ಕೋಣೆಯಲ್ಲಿ ಕಪಾಟುಗಳಿಗಾಗಿ ಕಟ್ಟಿದ ಗೂಡು ಖಾಲಿಯಾಗಿತ್ತು. ನಮ್ಮಲ್ಲಿ ಕಪಾಟುಗಳು ಇನ್ನೂ ತುಂಬಿವೆ. ಅವುಗಳ ಮರೆಯಲ್ಲಿ ಓದುಗನಿಗೆ ಒಬ್ಬನೇ ಕುಳಿತುಕೊಳ್ಳುವಷ್ಟು ಜಾಗವನ್ನು ಉಳಿಸಿಕೊಡುವ ಹೊಣೆ ನಮ್ಮದು.